ಎರೆಹುಳು ತೊಟ್ಟಿ ಮಾರ್ಕೆಟ್ ಯಾರ್ಡಿನಲ್ಲಿರಲಿ

ಬೆಲೆ ಕುಸಿದಾಗ ಕರ್ನೂಲು ಜಿಲ್ಲೆಯ ಪತ್ತಿಕೊಂಡದಲ್ಲಿ ಟೊಮೆಟೊ ರಸ್ತೆಗೆ ಬೀಳುತ್ತದೆ. ಹತ್ತಿ ಬಿಡಿಸಿದ ಮೇಲೆ ಆದೋನಿ, ಆಲೂರು ಕಡೆ ಹತ್ತಿಕಟ್ಟಿಗೆ ಒಲೆ ಸೇರುತ್ತದೆ, ಮಿಕ್ಕದ್ದಕ್ಕೆ ಹೊಲದಲ್ಲೇ ಬೆಂಕಿ. ಅದೇ ರೈತ ಮುಂಗಾರಿಗೆ ಮುನ್ನ ಸಾಲ ಮಾಡಿ ಗೊಬ್ಬರ ತರುತ್ತಾನೆ. ಈ ಕಸವನ್ನೇ ಗೊಬ್ಬರ ಮಾಡಲು ಪ್ರತಿಯೊಬ್ಬರೂ ಹೊಲದಲ್ಲಿ ಎರೆಹುಳು ತೊಟ್ಟಿ ಕಟ್ಟಿಕೊಳ್ಳಲಿ ಎಂಬ ಹಳೆಯ ಉಪದೇಶ ಪಶ್ಚಿಮ ಕರ್ನೂಲಿಗೆ ಒಗ್ಗುವುದಿಲ್ಲ. ಎರೆಹುಳು ಉಸಿರಾಡುವುದು ಚರ್ಮದಿಂದ. ಮೈ ಒಣಗಿದರೆ ಅದು ಉಳಿಯದು. ಬಿಸಿಲು 40 ಡಿಗ್ರಿ ದಾಟುವ ಈ ಬಯಲಿನಲ್ಲಿ ಅದಕ್ಕೆ ನೆರಳೂ ಬೇಕು, ತಪ್ಪದೆ ನೀರೂ ಬೇಕು. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ತಲುಪದ ಹೊಲದವರಿಗೆ ಆ ಹೊರೆ ಹೊರಿಸುವುದು ಅನ್ಯಾಯ. ಕಸ ಒಂದೆಡೆ ಬೀಳುವುದು, ನೆರಳು-ನೀರು ಒದಗಿಸಬಹುದಾದದ್ದು ಮಾರುಕಟ್ಟೆಯಲ್ಲಿ. ಮಾರುಕಟ್ಟೆಯ ಬಳಿಯೇ ಕಾಂಪೋಸ್ಟ್ ಘಟಕಕ್ಕೆ ಉತ್ತೇಜನ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೂ ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದವು.

ಇಲ್ಲಿನ ಎರಡು ಕಸಗಳೂ ಒಂದರ ಕೊರತೆಯನ್ನು ಇನ್ನೊಂದು ತುಂಬುವಂಥವು. ಟೊಮೆಟೊ ಒಂದನ್ನೇ ಹಾಕಿದರೆ ಹುಳಿಯೇರಿ ರಾಡಿಯಾಗುತ್ತದೆ. ಹತ್ತಿಕಟ್ಟಿಗೆ ಒಂದನ್ನೇ ಹಾಕಿದರೆ ಬೇಗ ಕೊಳೆಯುವುದಿಲ್ಲ. ಕಟ್ಟಿಗೆಯನ್ನು ಸಣ್ಣಗೆ ಕತ್ತರಿಸಿ, ಟೊಮೆಟೊ, ಸಗಣಿ ಬೆರೆಸಿದರೆ ಒಣಗಿದ್ದು ರಸ ಹೀರಿಕೊಳ್ಳುತ್ತದೆ. ಎರಡು-ಮೂರು ವಾರ ಕೊಳೆಸಿ, ಒಳಗಿನ ಕಾವು ಪೂರ್ತಿ ಇಳಿದ ಮೇಲೆಯೇ ಹುಳು ಬಿಡಬೇಕು. ಅವಸರ ಮಾಡಿದರೆ ಬೆಂದು ಸಾಯುತ್ತವೆ. ಮುಂದೆ ಸುಮಾರು ಎರಡು ತಿಂಗಳಲ್ಲಿ ಚಹಾಪುಡಿಯಂಥ ಗೊಬ್ಬರ ಸಿಗುತ್ತದೆ.

ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರು ತೊಟ್ಟಿಗೆ ಬಿಡುವ ಐಸೀನಿಯಾ ಎಂಬ ವಿದೇಶಿ ಹುಳುವನ್ನು ಒಪ್ಪುವುದಿಲ್ಲ, ಭಾರಲೋಹಗಳ ಭಯವನ್ನೂ ಎತ್ತುತ್ತಾರೆ. ಐಸೀನಿಯಾ ಮಣ್ಣು ಕೊರೆಯುವ ಹುಳುವಲ್ಲ, ನಿಜ. ಅದರ ಕೆಲಸವಿರುವುದು ತೊಟ್ಟಿಯಲ್ಲಿ. ಭಾರಲೋಹವನ್ನು ಹುಳು ಹುಟ್ಟಿಸುವುದಿಲ್ಲ, ಕಸದಲ್ಲಿದ್ದರೆ ಮಾತ್ರ ಅದು ಗೊಬ್ಬರಕ್ಕೆ ಬರುತ್ತದೆ. ಬ್ಯಾಟರಿ, ಪ್ಲಾಸ್ಟಿಕ್ ಬೆರೆತ ಊರ ಕಸವನ್ನು ದೂರವಿಟ್ಟು, ಪ್ರತಿ ರಾಶಿಯನ್ನೂ ಪರೀಕ್ಷಿಸಿ ಕೊಡಲಿ. ದೇಶಿ ಹುಳುವೇ ಬೇಕೆಂದರೆ ಪೆರಿಯೋನಿಕ್ಸ್ ಇದೆ. ಬೆಂಗಳೂರಿನ ವಿಜ್ಞಾನಿಗಳು 1980ರ ದಶಕದಲ್ಲೇ ಅದರ ಮೇಲೆ ಕೆಲಸ ಮಾಡಿದ್ದಾರೆ.

ಯೂರಿಯಾಕ್ಕೆ ಇದು ಸಾಟಿಯೇ ಎಂಬ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರಿಸಬೇಕು. ಸಾರಜನಕ ಶೇ. 1.5 ಇದ್ದರೂ ಒಂದು ಟನ್ ಎರೆಗೊಬ್ಬರದಲ್ಲಿ ಸಿಗುವುದು 15 ಕಿಲೋ. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ. ಹಾಗಾಗಿ ಯೂರಿಯಾ ಬಿಡಿಸುತ್ತೇವೆಂದು ಹೇಳಿ ಮಾರಬಾರದು. ಯೂರಿಯಾ ಕೊಡದ ಸಾವಯವ ಅಂಶವನ್ನು ಎರೆಗೊಬ್ಬರ ಕೊಡುತ್ತದೆ, ಬಿದ್ದ ಮಳೆಯ ತೇವವನ್ನು ಹೊಲದಲ್ಲಿ ಹಿಡಿದಿಡುತ್ತದೆ. ಮಳೆಯನ್ನೇ ನಂಬಿದ ಸೀಮೆಗೆ ಇದು ಸಣ್ಣ ಲಾಭವಲ್ಲ.

ಸಾಗಣೆ ದುಬಾರಿ ಎನ್ನುವುದು ಕೊನೆಯ ಆಕ್ಷೇಪ. ಆದೋನಿಗೆ ಹತ್ತಿ ತಂದ ಗಾಡಿಗಳು ಖಾಲಿ ಮರಳುತ್ತವೆ. ಮಾರುಕಟ್ಟೆ ಶುಲ್ಕದ ಒಂದು ಪಾಲನ್ನು ತೊಟ್ಟಿಗಳಿಗೆ ತೆಗೆದಿಟ್ಟು, ಹತ್ತಿ ತೂಗಿಸಿದ ರೈತನಿಗೆ ಅಲ್ಲೇ ಗೊಬ್ಬರದ ಚೀಲ ಸಿಗುವಂತೆ ಮಾರುಕಟ್ಟೆ ಸಮಿತಿ ಈ ಹಂಗಾಮಿನಲ್ಲೇ ಏರ್ಪಾಡು ಮಾಡಲಿ.