ಪರಿಯ ಕಥೆ ಯಾರದು?



ಹೋದ ಶನಿವಾರ ಕಥೆ ಹೇಳುವ ತಾಸಿನಲ್ಲಿ ನನ್ನ ಪಕ್ಕ ಕೂಡುವ ಗೆಳತಿ ತನ್ನ ದಾದಿ ಹೇಳಿದ ಪರಿಯ ಕಥೆ ಶುರು ಮಾಡಿದಳು. ಹಿಂದಿನಿಂದ ಯಾರೋ "ಅದು ನಿಮ್ಮ ಮಂದಿ ಕಥಿ, ನಮಗ ಬ್ಯಾಡ" ಅಂದರು. ಕೆಲವರು ನಕ್ಕರು. ಅವಳು ಅರ್ಧಕ್ಕೇ ಕುಂತುಬಿಟ್ಟಳು. ನಾನೂ ಸುಮ್ಮನಿದ್ದೆ. ಅದು ನನ್ನ ತಪ್ಪು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಿಜಯಪುರದಲ್ಲಿ ಕಾಲೇಜು ಓದುವ ನಮ್ಮ ಅಣ್ಣನನ್ನು ಕೇಳಿದೆ. ಅವನು ಹೇಳಿದ್ದು ಇಷ್ಟು. ಪರಿ ಅಂಬುದು ಪಾರಸಿ ಶಬ್ದ. ಆದರೆ ಪರಿಯ ಒಂದು ದೊಡ್ಡ ಕಥೆ ಹುಟ್ಟಿದ್ದು ನಮ್ಮ ಬಾಜೂಕಿನ ಬಿಜಾಪುರದಲ್ಲಿಯೇ. ಎರಡನೇ ಅಲಿ ಆದಿಲಶಹಾನ ಕಾಲದಲ್ಲಿ, ಅಂದರೆ 1657-58ರಲ್ಲಿ, ನುಸ್ರತಿ ಎಂಬ ಕವಿ ದಖನಿ ಭಾಷೆಯಲ್ಲಿ 'ಗುಲ್ಶನ್-ಎ-ಇಶ್ಕ್' ಬರೆದನು. ಹಾಗೆಂದರೆ ಪ್ರೀತಿಯ ತೋಟ. ನಮ್ಮ ಅಥಣಿಯೂ ಆಗ ಅದೇ ರಾಜ್ಯದಾಗ ಇತ್ತು.

ಕಥೆಯ ರಾಜಕುಮಾರನ ಹೆಸರು ಮನೋಹರ, ರಾಜಕುಮಾರಿ ಮಧುಮಾಲತಿ. ರಾತ್ರಿ ಪರಿಗಳು ಮಲಗಿದ್ದ ಮನೋಹರನನ್ನು ಮಂಚದ ಸಮೇತ ಹಾರಿಸಿಕೊಂಡು ಹೋಗಿ ಅವಳ ಹತ್ತಿರ ಇಡುತ್ತಾರೆ. ಇಬ್ಬರೂ ಉಂಗುರ ಬದಲಿಸುತ್ತಾರೆ. ಮುಂಜಾನೆ ಎದ್ದರೆ ಅವನು ತನ್ನ ಮನೆಯಲ್ಲೇ! ಕನಸು ಅನ್ನಬೇಕೆಂದರೆ ಬೆರಳಲ್ಲಿ ಅವಳ ಉಂಗುರ ಐತಿ. ಹುಡುಕುತ್ತಾ ಹೊರಡುತ್ತಾನೆ. ಅತ್ತ ಅವಳ ತಾಯಿ ಸಿಟ್ಟಾಗಿ ಮಗಳನ್ನು ಹಕ್ಕಿ ಮಾಡಿಬಿಡುತ್ತಾಳೆ. ಕಡೆಗೆ ಇಬ್ಬರೂ ಕೂಡುತ್ತಾರೆ.

ಇದಕ್ಕಿಂತ ಮೊದಲು, 1545ರಲ್ಲಿ, ಮಂಝನ್ ಎಂಬ ಸೂಫಿ ಕವಿ ಉತ್ತರದ ಕಡೆ ಇದೇ ಕಥೆ ಬರೆದಿದ್ದನು. ಅಲ್ಲಿ ಮಂಚ ಹೊತ್ತವರು ಅಪ್ಸರೆಯರು. ಬಿಜಾಪುರಕ್ಕೆ ಬಂದ ಮೇಲೆ ಅವರೇ ಪರಿಗಳಾದರು.

ನಾನು ಇದನ್ನು ನಮ್ಮ ಆಯಿಗೆ ಹೇಳಿದೆ. "ಏ ಹುಡುಗಿ, ಇದು ಉಷಾ-ಅನಿರುದ್ಧರ ಕಥಿ ಇದ್ದಂಗ ಐತಲ್ಲ!" ಅಂದಳು. ಹೌದು, ಚಿತ್ರಲೇಖೆಯೂ ಮಲಗಿದ್ದ ಅನಿರುದ್ಧನನ್ನು ದ್ವಾರಕೆಯಿಂದ ಹೊತ್ತು ತಂದಳು.

ಹಾಗಾದರೆ ಕಥೆ ಯಾರದು ಅಂತ ಹೇಗೆ ಹೇಳುವುದು? ಪ್ರೀತಿಯ ಕಥೆ ಮಕ್ಕಳಿಗೆ ಬೇಡ ಅಂತಲೂ ಕೆಲವರು ಅನ್ನಬಹುದು. ನಳ-ದಮಯಂತಿಯ ಹಂಸದ ಕಥೆ ನಾವು ಕೇಳಿಲ್ಲವೇ? ಅದರಿಂದ ಯಾರೂ ಕೆಟ್ಟಿಲ್ಲ. ಮೊಹರಮ್‌ದಾಗ ಊರ ಮಂದಿ ಎಲ್ಲಾರೂ ಕೂಡಿ ಹೆಜ್ಜಿ ಹಾಕತೇವಿ. ಕಥಿ ಕೇಳಾಕ ಮಾತ್ರ ಯಾಕ ಬ್ಯಾರೆ ಬ್ಯಾರೆ?

ಬರುವ ಶನಿವಾರ ಮೊದಲ ಪಾಳಿ ಅವಳಿಗೇ ಕೊಡಬೇಕೆಂದು ಗುರುಗಳಲ್ಲಿ ನನ್ನ ವಿನಂತಿ. ನಕ್ಕವರು ಮುಂದಿನ ಸಾಲಿನಲ್ಲಿ ಕೂಡಲಿ. ನಾನೂ ಅಲ್ಲೇ ಕೂಡುತ್ತೇನೆ. ಅವಳ ಪರಿ ಮುಂದೆ ಎಲ್ಲಿಗೆ ಹೋದಳು ಅಂತ ನನಗಿನ್ನೂ ಗೊತ್ತಾಗಿಲ್ಲ.

— ಏಳನೇ ತರಗತಿಯ ವಿದ್ಯಾರ್ಥಿನಿ