ಬರ್ಲಿನ್: ಫೀಸಿಲ್ಲದ ಊರಿನ ಖರ್ಚು

‘ಜರ್ಮನಿಯಲ್ಲಿ ಫೀಸೇ ಇಲ್ಲವಂತೆ, ಹೌದೇ?’ ಮಗನದೋ ಮಗಳದೋ ಬಿ.ಇ. ಮುಗಿಯುತ್ತ ಬಂದಿರುವ ಮನೆಗಳಲ್ಲಿ ಈಗ ಇದೇ ಪ್ರಶ್ನೆ. ಅಮೆರಿಕದ ಖರ್ಚು ಕೇಳಿ ಬೆವೆತ ತಂದೆಯರಿಗೆ ಈ ಮಾತು ತಂಪಾಗಿ ಕೇಳಿಸುವುದು ಸಹಜ. ಮಾತು ಸುಳ್ಳೂ ಅಲ್ಲ. ರಾಜಧಾನಿ ಬರ್ಲಿನ್‌ನಲ್ಲಿ 1810ರಲ್ಲಿ ಆರಂಭವಾದ, ಈಗ ಹಂಬೋಲ್ಟ್ ಹೆಸರು ಹೊತ್ತ ವಿಶ್ವವಿದ್ಯಾಲಯವಿದೆ. ನಗರ ಎರಡು ಹೋಳಾಗುತ್ತಿದ್ದ 1948ರಲ್ಲಿ ಪಶ್ಚಿಮ ಭಾಗದಲ್ಲಿ ಹುಟ್ಟಿಕೊಂಡ ಫ್ರೀ ಯೂನಿವರ್ಸಿಟಿ ಇದೆ. ನಮ್ಮ ಇಂಜಿನಿಯರಿಂಗ್ ಹುಡುಗರು ಕಣ್ಣಿಟ್ಟಿರುವ ಟೆಕ್ನಿಕಲ್ ಯೂನಿವರ್ಸಿಟಿ ಇದೆ. ಇವು ಸರ್ಕಾರಿ ಸಂಸ್ಥೆಗಳು. ಕೆಲವು ವಿಶೇಷ ಕೋರ್ಸ್‌ಗಳನ್ನು ಬಿಟ್ಟರೆ ಹೊರದೇಶದವರಿಗೂ ಇಲ್ಲಿ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರಿಗೆ ಮುನ್ನೂರು ಯೂರೋ ದಾಟುವ ಒಂದು ವಂತಿಗೆ ಕಟ್ಟಬೇಕು. ಬಸ್ಸು, ರೈಲಿನ ಪಾಸೂ ಅದರಲ್ಲೇ ಸೇರಿರುತ್ತದೆ.

ಆದರೆ ಬರ್ಲಿನ್‌ನಲ್ಲಿ ಬೋರ್ಡು ಹಾಕಿಕೊಂಡದ್ದೆಲ್ಲ ಸರ್ಕಾರಿ ವಿಶ್ವವಿದ್ಯಾಲಯವಲ್ಲ. ಖಾಸಗಿಯವೂ ಬೇಕಾದಷ್ಟಿವೆ. ಅಲ್ಲಿ ವರ್ಷಕ್ಕೆ ಹತ್ತು ಸಾವಿರ ಯೂರೋ, ಅದಕ್ಕೂ ಮೇಲೆ ಫೀಸು ಇರುವುದುಂಟು. ‘ಜರ್ಮನಿಯಲ್ಲಿ ಓದು ಉಚಿತ’ ಎಂದು ಬಾಯಿ ಸಿಹಿ ಮಾಡುವ ಏಜೆಂಟರು ಕೊನೆಗೆ ಸೇರಿಸುವುದು ಇಂಥ ಕಡೆಗೇ ಆಗಿರುವ ಉದಾಹರಣೆಗಳು ಕಡಿಮೆಯಲ್ಲ. ಖಾಸಗಿಯದೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ 2025ರಲ್ಲಿ ಬರ್ಲಿನ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಗೆ ವಾಸದ ಪರವಾನಗಿ ನಿರಾಕರಿಸಿ, ದೇಶ ಬಿಡಿ ಎಂಬ ಪತ್ರ ಬಂದದ್ದು ಸುದ್ದಿಯಾಯಿತು. ಪಾಠದ ಒಂದು ಭಾಗ ಆನ್‌ಲೈನ್‌ನಲ್ಲಿ ನಡೆಯುತ್ತಿದ್ದುದರಿಂದ, ಅದನ್ನು ಓದಲು ಜರ್ಮನಿಯಲ್ಲೇ ಇರಬೇಕಾಗಿಲ್ಲ ಎಂಬುದು ಅಲ್ಲಿನ ವಲಸೆ ಕಚೇರಿಯ ವಾದ. ಸಾಲ ಮಾಡಿ ಕಳಿಸಿದ ಮನೆಯವರ ಸ್ಥಿತಿ ಊಹಿಸಿಕೊಳ್ಳಿ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ‘ಸೀಟು ಸಿಕ್ಕಿತೇ’ ಎಂದಲ್ಲ. ಸಂಸ್ಥೆ ಸರ್ಕಾರಿಯೋ ಖಾಸಗಿಯೋ, ತರಗತಿ ಎದುರುಬದುರೋ ಪರದೆಯ ಮೇಲೋ ಎಂದು ಕೇಳಿ.

ಇನ್ನು ದುಡ್ಡಿನ ವಿಷಯ. ಫೀಸು ಇಲ್ಲದಿದ್ದರೂ ಬದುಕಲು ಹಣವಿದೆಯೆಂದು ವೀಸಾಕ್ಕೆ ಮೊದಲೇ ತೋರಿಸಬೇಕು. ಅದಕ್ಕೆ ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆ. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದಂತೆ ಅದರಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು; ಯೂರೋಗೆ ನೂರು ರೂಪಾಯಿ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ಈ ಮೊತ್ತ ಆಗಾಗ ಏರುವುದರಿಂದ ಅರ್ಜಿ ಹಾಕುವ ಮುನ್ನ ಮತ್ತೊಮ್ಮೆ ವಿಚಾರಿಸಿ. ದುಡ್ಡು ನಿಮ್ಮದೇ, ಆದರೆ ಒಟ್ಟಿಗೆ ತೆಗೆಯುವಂತಿಲ್ಲ. ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ.

ಈ 992ರಲ್ಲಿ ಏನಾಗುತ್ತದೆ ನೋಡೋಣ. ನಾಲ್ಕಾರು ಜನ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆಗೆ ಬರ್ಲಿನ್‌ನಲ್ಲಿ 650 ಯೂರೋ ಎಂದಿಟ್ಟುಕೊಳ್ಳಿ. ಆರೋಗ್ಯ ವಿಮೆ ಕಡ್ಡಾಯ, ಅದಕ್ಕೆ 140ರ ಮೇಲೆ. ಉಳಿದದ್ದು ಇನ್ನೂರು. ಊಟ, ಫೋನು, ಚಳಿಯ ಕೋಟು, ಸೆಮಿಸ್ಟರಿನ ವಂತಿಗೆ ಎಲ್ಲವೂ ಈ ಇನ್ನೂರರಲ್ಲಿ. ಮನೆಯಲ್ಲಿ ಅನ್ನ, ಸಾರು ಮಾಡಿಕೊಳ್ಳುವವನಿಗೆ ಹೇಗೋ ನಡೆಯುತ್ತದೆ. ದಿನವೂ ಹೊರಗೆ ತಿನ್ನುವವನಿಗೆ ನಡೆಯುವುದಿಲ್ಲ. (ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದೆಂಬ ನಿಯಮ ಅಲ್ಲಿ ಬಿಗಿ. ಕುಕ್ಕರ್ ಕೂಗಿಸುವವರು ಗಮನಿಸಿ.)

ಕೋಣೆಯ ವಿಷಯಕ್ಕೆ ಇನ್ನಷ್ಟು ಒತ್ತು ಕೊಡಬೇಕು, ಏಕೆಂದರೆ ಅಲ್ಲಿ ಹೋದವರನ್ನು ಹೆಚ್ಚು ಕಾಡುವುದು ಪಾಠವಲ್ಲ, ವಿಳಾಸ. ಮನೆ ಸೇರಿದ ಹದಿನಾಲ್ಕು ದಿನಗಳೊಳಗೆ ಆ ವಿಳಾಸವನ್ನು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಬೇಕೆಂಬುದು ಕಾನೂನು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ‘ಇವರು ನನ್ನ ಮನೆಯಲ್ಲಿದ್ದಾರೆ’ ಎಂದು ಮನೆಯ ಮಾಲೀಕ ಬರೆದುಕೊಟ್ಟ ಕಾಗದವಿಲ್ಲದೆ ಅದು ಆಗದು. ಅದಾಗದಿದ್ದರೆ ಕೆಲಸಕ್ಕೆ ಬೇಕಾದ ತೆರಿಗೆ ಸಂಖ್ಯೆ ಬರುವುದಿಲ್ಲ, ಬೇರೆ ಕಾಗದಪತ್ರಗಳೂ ತಡವಾಗುತ್ತವೆ. ಆ ಸಂಖ್ಯೆಯೂ ಅಂಚೆಯಲ್ಲೇ ಬರುತ್ತದೆ. ಅಂಚೆಯವನು ಹುಡುಕುವುದು ಮನೆ ನಂಬರನ್ನಲ್ಲ, ಪೆಟ್ಟಿಗೆಯ ಮೇಲಿನ ಹೆಸರನ್ನು. ಪೆಟ್ಟಿಗೆಗೆ ಹೆಸರಿನ ಚೀಟಿ ಅಂಟಿಸದವನಿಗೆ ಪತ್ರವೇ ತಲುಪುವುದಿಲ್ಲ.

ಬಾಡಿಗೆಯಲ್ಲೂ ಎರಡು ಬಗೆ, ‘ತಣ್ಣನೆಯದು’ ಮತ್ತು ‘ಬೆಚ್ಚನೆಯದು’. ತಣ್ಣನೆಯದು ಬರೀ ಕೋಣೆಗೆ. ಬೆಚ್ಚನೆಯದರಲ್ಲಿ ಕೋಣೆ ಕಾಯಿಸುವ ಖರ್ಚು, ನೀರು, ಕಸದ ಖರ್ಚು ಸೇರಿರುತ್ತದೆ. ಜಾಹೀರಾತು ನೋಡಿ ಅಗ್ಗವೆಂದು ಹಿಗ್ಗುವ ಮೊದಲು ಯಾವ ಬಾಡಿಗೆಯೆಂದು ನೋಡಬೇಕು. ಠೇವಣಿಯಾಗಿ ಮೂರು ತಿಂಗಳ ತಣ್ಣನೆಯ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಣಿಸಿದವರಿಗೆ ಇದು ದೊಡ್ಡದೆನಿಸದು, ಆದರೆ ಮೊದಲ ತಿಂಗಳೇ ಎರಡು ಸಾವಿರ ಯೂರೋ ಬೇಕಾಗಬಹುದು. ಅದು ಬ್ಲಾಕ್ಡ್ ಅಕೌಂಟಿನಿಂದ ಬರುವುದಿಲ್ಲ, ಪ್ರತ್ಯೇಕವಾಗಿ ಒಯ್ಯಬೇಕು. ವಿದ್ಯಾರ್ಥಿ ನಿಲಯಗಳು ಅಗ್ಗ. ಆದರೆ ಸರದಿ ಉದ್ದ, ಕೆಲವೊಮ್ಮೆ ಒಂದೆರಡು ಸೆಮಿಸ್ಟರೇ ಕಾಯಬೇಕು. ಈ ಅವಸರವನ್ನೇ ನಂಬಿಕೊಂಡ ವಂಚಕರೂ ಇದ್ದಾರೆ. ‘ನಾನು ವಿದೇಶದಲ್ಲಿದ್ದೇನೆ, ಠೇವಣಿ ಕಳಿಸಿ, ಬೀಗದಕೈ ಅಂಚೆಯಲ್ಲಿ ಬರುತ್ತದೆ’ ಎನ್ನುವವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ.

‘ಪಾರ್ಟ್‌ಟೈಮ್ ಕೆಲಸ ಮಾಡಿ ಸಾಲ ತೀರಿಸುತ್ತಾನೆ’ ಎಂಬ ಲೆಕ್ಕ ಹಾಕಿದವರಿಗೆ ಒಂದು ಮಾತು. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕನಿಷ್ಠ ವೇತನ 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು. ಖರ್ಚಿಗೆ ಇದು ಆಸರೆ, ಸಾಲದ ಕಂತಿಗಲ್ಲ. ಜರ್ಮನ್ ಬಾರದವನಿಗೆ ಸಿಗುವುದು ಹೆಚ್ಚಾಗಿ ಗೋದಾಮಿನ ಕೆಲಸ, ಊಟ ಹೊತ್ತು ಸೈಕಲ್ ತುಳಿಯುವ ಕೆಲಸ.

ಕೋರ್ಸು ಇಂಗ್ಲಿಷಿನಲ್ಲಿದೆ, ಭಾಷೆ ಏಕೆ ಎನ್ನುವವರಿಗೆ ರಾಮಮನೋಹರ ಲೋಹಿಯಾ ಅವರನ್ನು ನೆನಪಿಸಬೇಕು. 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧಿತರಾದ ಅದೇ ಲೋಹಿಯಾ, ಅದಕ್ಕೆ ಎರಡು ದಶಕ ಮೊದಲು ಬರ್ಲಿನ್‌ನಲ್ಲಿ ಪಿಎಚ್.ಡಿ. ವಿದ್ಯಾರ್ಥಿ. ಅರ್ಥಶಾಸ್ತ್ರಜ್ಞ ವರ್ನರ್ ಜೊಂಬಾರ್ಟ್ ಅವರೆದುರು ಇಂಗ್ಲಿಷಿನಲ್ಲಿ ಮಾತಾಡಿದಾಗ, ತನಗೆ ಇಂಗ್ಲಿಷ್ ಬಾರದೆಂದು ಅವರು ಹೇಳಿದರಂತೆ. ಮೂರು ತಿಂಗಳು ಬಿಟ್ಟು ಬರುತ್ತೇನೆಂದು ಹೊರಟ ಲೋಹಿಯಾ ಜರ್ಮನ್ ಕಲಿತೇ ಮರಳಿದರೆಂದು ಹೇಳುತ್ತಾರೆ. ನಮ್ಮ ಹುಡುಗರಿಗೆ ಅಷ್ಟು ಆತುರವಿಲ್ಲ. ವೀಸಾ ಅರ್ಜಿಗೆ 2022ರ ನವೆಂಬರ್‌ನಿಂದ ಕಡ್ಡಾಯವಾಗಿರುವ ಎ.ಪಿ.ಎಸ್. ಪ್ರಮಾಣಪತ್ರಕ್ಕೆ ಕಾಯುವ ಕಾಲದಲ್ಲೇ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆಲ್ಲೋ ಒಂದೆರಡು ಹಂತ ಮುಗಿಸಬಹುದು.

ಓದಿನ ರೀತಿಯೂ ಬೇರೆ. ಹಾಜರಿ ಕೇಳುವವರು ಕಡಿಮೆ, ಇಂಟರ್ನಲ್ ಅಂಕದ ಆಸರೆಯೂ ಹೆಚ್ಚಿಲ್ಲ. ಎಷ್ಟೋ ವಿಷಯಗಳಲ್ಲಿ ಕೊನೆಯ ಒಂದೇ ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸುತ್ತದೆ. ಅಂಕದ ಲೆಕ್ಕ ತಲೆಕೆಳಗು: 1.0 ಎಂದರೆ ಅತ್ಯುತ್ತಮ, 4.0 ಬರೀ ಪಾಸು, 5.0 ಫೇಲು. ‘ಐದು ಬಂತು’ ಎಂದು ಮಗ ಹೇಳಿದರೆ ಪೇಡಾ ತರಿಸಬೇಡಿ. ಇನ್ನೊಂದು ವಿಷಯ ಹಗುರವಲ್ಲ: ಒಂದು ಪರೀಕ್ಷೆಗೆ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಕೈಕೊಟ್ಟರೆ ಆ ಕೋರ್ಸಿನಿಂದ ಹೆಸರು ತೆಗೆಯುತ್ತಾರೆ, ಅದೇ ಕೋರ್ಸಿಗೆ ಜರ್ಮನಿಯ ಬೇರೆ ವಿಶ್ವವಿದ್ಯಾಲಯಗಳಲ್ಲೂ ಬಾಗಿಲು ಮುಚ್ಚುತ್ತದೆ. ಕೆಲಸದ ಗಂಟೆಗಳನ್ನು ಹೆಚ್ಚಿಸಿಕೊಂಡು ಓದಿಗೆ ಹಿಂದೆ ಬಿದ್ದವರು ಸಿಕ್ಕಿಬೀಳುವುದು ಇಲ್ಲೇ.

ಪಾಠ ಶುರುವಾಗುವುದು ಅಕ್ಟೋಬರ್ ಮಧ್ಯದಲ್ಲಿ. ಹುಡುಗರು ಊರಿಗೆ ಒಗ್ಗಿಕೊಳ್ಳುವ ಮೊದಲೇ ಚಳಿ, ಕತ್ತಲು ಬರುತ್ತವೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಬೀದಿ ಖಾಲಿ. ಡಿಸೆಂಬರ್‌ನಲ್ಲಿ ಮಾತು ಕಡಿಮೆ ಮಾಡಿದ ಮಗನಿಗೆ ‘ಓದ್ತಾ ಇದೀಯಾ’ ಎನ್ನುವ ಬದಲು ಊಟಕ್ಕೆ ಏನು ಮಾಡಿಕೊಂಡೆ, ಯಾರ ಜೊತೆ ತಿಂದೆ ಎಂದು ಕೇಳಿ. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ಅಂತರ. ನೀವಿಲ್ಲಿ ಊಟ ಮುಗಿಸಿ ಒಂಬತ್ತಕ್ಕೆ ಫೋನ್ ಮಾಡಿದರೆ ಅಲ್ಲಿ ಸಂಜೆ ನಾಲ್ಕೂವರೆ. ಸೂರ್ಯ ಮುಳುಗಿ ಆಗಲೇ ಅರ್ಧ ಗಂಟೆಯಾಗಿರುತ್ತದೆ.