ಹೊಳೆಯ ದಂಡೆಯಲ್ಲಿ ಕಡಲಿನ ನೆನಪು



ಬೇಸಿಗೆಯ ರಜೆಯಲ್ಲಿ ದಾವಣಗೆರೆಯಿಂದ ಮನೆಮಂದಿಯೆಲ್ಲ ದಕ್ಷಿಣ ಕನ್ನಡದ ಯಾತ್ರೆ ಕೈಗೊಂಡಾಗ ಬಂಟ್ವಾಳ ತಾಲ್ಲೂಕಿನ ಪೊಳಲಿಗೂ ಹೋಗಿದ್ದೆವು. ಮೃಣ್ಮಯ ಮೂರ್ತಿಯಾಗಿ ನೆಲೆಸಿರುವ ಶ್ರೀ ರಾಜರಾಜೇಶ್ವರಿಯ ದರ್ಶನ ಮುಗಿಸಿ, ಫಲ್ಗುಣಿ ಹೊಳೆಯ ದಂಡೆಯಲ್ಲಿ ಕೊಂಚ ಹೊತ್ತು ಕುಳಿತೆವು. ಬಾಡಿದ ಹೂಮಾಲೆಗಳನ್ನು ಪ್ಲಾಸ್ಟಿಕ್ ಚೀಲದ ಸಮೇತ ನೀರಿಗೆ ಬಿಟ್ಟು ಕೈಮುಗಿದವನು ನಾನೇ. ಪಕ್ಕದಲ್ಲಿದ್ದ ಮೊಮ್ಮಗಳು, "ಅಜ್ಜಾ, ಈ ಚೀಲ ಎಲ್ಲಿಗೆ ಹೋಗುತ್ತೆ?" ಎಂದಳು. "ಸಮುದ್ರಕ್ಕೆ ಕಣಮ್ಮ" ಎಂದೆ. "ಅಲ್ಲಿಂದ?" ಎಂಬ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕುದುರೆಮುಖದ ಕಡೆಯ ಘಟ್ಟಗಳಲ್ಲಿ ಹುಟ್ಟುವ ಈ ಹೊಳೆ, 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೇಣೂರನ್ನು ಹಾಯ್ದು, ಮೂಲರಪಟ್ಣ, ಪೊಳಲಿ, ಗುರುಪುರಗಳನ್ನು ದಾಟಿ, ಮಂಗಳೂರಿನಲ್ಲಿ ನೇತ್ರಾವತಿಯೊಡನೆ ಅರಬ್ಬೀ ಸಮುದ್ರವನ್ನು ಕೂಡುತ್ತದೆ. ದಾರಿಯಲ್ಲಿ ಮಳವೂರಿನ ಕಿಂಡಿ ಅಣೆಕಟ್ಟಿನಲ್ಲಿ ಇದೇ ನೀರನ್ನು ತಡೆದು ಜನರಿಗೆ ಕುಡಿಯಲು ಒದಗಿಸುತ್ತಾರೆ.

ಹೊಳೆಯು ನೀರನ್ನಷ್ಟೇ ಒಯ್ಯುವುದಿಲ್ಲ, ಮರಳನ್ನೂ ಒಯ್ಯುತ್ತದೆ. ಮಳೆಗಾಲದ ಅಲೆಗಳು ಕೊಚ್ಚಿದ ಕಡಲ ದಡವನ್ನು ಮರಳಿ ಕಟ್ಟಿಕೊಡುವುದು ಈ ಮರಳೇ. ಅದನ್ನು ನಡುದಾರಿಯಲ್ಲಿಯೇ ಬಗೆದು ಲಾರಿಗೆ ತುಂಬಿದರೆ ದಡಕ್ಕೆ ಉಳಿಯುವುದೇನು? 2018ರ ಜೂನ್ 25ರಂದು ಮೂಲರಪಟ್ಣದ ಸೇತುವೆ ಕುಸಿದಾಗ, ಮಿತಿಮೀರಿ ಮರಳು ತೆಗೆದದ್ದೇ ಕಾರಣವೆಂದು ಜನ ದೂರಿದರು. ಸೇತುವೆ ಬಿದ್ದರೆ ಎಲ್ಲರಿಗೂ ಕಾಣುತ್ತದೆ. ದಡ ಸವೆಯುವುದು ಮಾತ್ರ ಅಲ್ಲಿ ಮನೆ ಕಟ್ಟಿಕೊಂಡವರಿಗಷ್ಟೇ ಕಾಣುತ್ತದೆ. ಉಳ್ಳಾಲದ ಕಡೆ ಬಂಡೆಗಳ ತಡೆಗೋಡೆ ಹಾಕಿದ್ದರೂ ಎಷ್ಟೋ ಮನೆಗಳು, ತೆಂಗಿನ ಮರಗಳು ಕಡಲು ಪಾಲಾಗಿವೆ.

"ನಾವು ಬಯಲುಸೀಮೆಯವರು, ನಮ್ಮ ಮನೆಗಳಿಗೆ ಮೀನು ಬಾರದು, ಕಡಲಿನ ಗೊಡವೆ ನಮಗೇಕೆ?" ಎಂದು ಕೇಳುವವರುಂಟು. ಹಿಂದೆ ನಾನೂ ಹಾಗೆಯೇ ಅಂದಿದ್ದೆ. ಆದರೆ ಫಲ್ಗುಣಿ ಹುಟ್ಟುವ ಆ ಘಟ್ಟಶ್ರೇಣಿಯಲ್ಲಿಯೇ, ಗಂಗಾಮೂಲದಲ್ಲಿ, ತುಂಗೆ ಭದ್ರೆಯರೂ ಹುಟ್ಟುತ್ತಾರೆ. ಅರಬ್ಬೀ ಸಮುದ್ರದ ಮೇಲಿಂದ ಬಂದ ಮೋಡಗಳು ಘಟ್ಟಕ್ಕೆ ತಾಗಿ ಸುರಿದ ಮಳೆಯೇ ಪಡುವಣಕ್ಕೆ ಫಲ್ಗುಣಿಯಾಗಿ ಇಳಿಯುತ್ತದೆ, ಮೂಡಣಕ್ಕೆ ಭದ್ರೆಯಾಗಿ ಹರಿದು ನಮ್ಮ ನಾಲೆ ತುಂಬಿಸುತ್ತದೆ. ನಮ್ಮ ಗದ್ದೆಯ ಭತ್ತ, ದಾಸೋಹದ ಅನ್ನ ಕಡಲಿನ ಋಣದಲ್ಲಿಯೇ ಇವೆ.

ಉಸಿರಿನ ಮಾತೂ ಅಷ್ಟೇ. ಭೂಮಿಯಲ್ಲಿ ಉತ್ಪತ್ತಿಯಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧವು ಕಡಲಿನ ಸೂಕ್ಷ್ಮ ಸಸ್ಯಜೀವಿಗಳದ್ದು. ಮನುಷ್ಯನ ಹೊಗೆಯಿಂದ ಹೆಚ್ಚಾದ ತಾಪದ ಶೇಕಡಾ 90ಕ್ಕೂ ಮಿಕ್ಕಿದ ಪಾಲನ್ನು ಕಡಲೇ ನುಂಗಿಕೊಂಡಿದೆ. ಬಿಸಿಯೇರಿದ ಕಡಲು ಚಂಡಮಾರುತಕ್ಕೆ ಬಲ ಕೊಡುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಅಪ್ಪಳಿಸಿದ್ದನ್ನು ಮರೆಯುವಂತಿಲ್ಲ.

ಕರಾವಳಿಯವರ ಒಂದು ನಿಯಮ ನನಗೆ ಬಹಳ ಹಿಡಿಸಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತತಿ ಬೆಳೆಯಲೆಂದು ಈ ಬಿಡುವು. ದುಡಿದು ತಿನ್ನುವವರು ಎರಡು ತಿಂಗಳ ಗಳಿಕೆಯನ್ನು ಬಿಟ್ಟು ಕಾಯುತ್ತಾರೆ. ನನಗೋ, ಒಂದು ಚೀಲವನ್ನು ಕೈಯಲ್ಲಿ ಹಿಡಿದು ಮನೆಗೆ ತರುವಷ್ಟು ತಾಳ್ಮೆ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಮೊಮ್ಮಗಳು ಪೂಜೆಯ ಹೂಗಳನ್ನು ಹಿತ್ತಿಲ ತೆಂಗಿನ ಬುಡಕ್ಕೆ ಹಾಕುತ್ತಿದ್ದಾಳೆ. ಹೂ ತಂದ ಚೀಲವನ್ನು ತೊಳೆದು, ಅಜ್ಜನ ಕಣ್ಣಿಗೆ ಬೀಳುವಂತೆಯೇ ಬಾಗಿಲ ಮೊಳೆಗೆ ಸಿಕ್ಕಿಸಿರುತ್ತಾಳೆ.